ಬಕುಚಿ-ಉಚಿ: ಸೋಚೋ ತೊಬಾಕು

‘ಬಕುಚಿ-ಉಚಿ: ಸೋಚೋ ತೊಬಾಕು’ ಜಪಾನಿನ ತೊಯೆಯಿ ಸಂಸ್ಥೆ 1968ರ ಜನವರಿ 14ರಂದು ಬಿಡುಗಡೆ ಮಾಡಿದ ಯಾಕುಜಾ ಚಲನಚಿತ್ರ. ಜಪಾನಿನ ಸಂಘಟಿತ ಜೂಜುಕೋರರ ಮತ್ತು ಪಾತಕಿಗಳ ತಂಡಗಳಿಗೆ ಯಾಕುಜಾ ಎಂದು ಹೆಸರು. ಕೊಸಾಕು ಯಮಾಶಿತಾ ಚಿತ್ರದ ನಿರ್ದೇಶಕ, ಕಜುವೊ ಕಸಾಹಾರಾ ಚಿತ್ರಕಥೆಗಾರ. ಕೋಜಿ ತ್ಸುರುತಾ, ತೊಮಿಸಾಬುರೊ ವಕಾಯಾಮಾ, ಜುಂಕೊ ಫುಜಿ ಮತ್ತು ನೊಬುವೊ ಕನೇಕೊ ಮುಖ್ಯ ಪಾತ್ರಗಳಲ್ಲಿದ್ದಾರೆ. ಅಗಲ ಪರದೆಯ ಈ ವರ್ಣಚಿತ್ರದ ಅವಧಿ 95 ನಿಮಿಷ. ಜೂಜುಕೋರರ ಹಿರಿಯ ಸರದಾರನ ಹೆಸರಿನಲ್ಲಿ ನಡೆಯುವ ಜೂಜುಕೂಟ ಎಂಬುದು ಶೀರ್ಷಿಕೆಯ ಸಾರಾಂಶ. ಇಂಗ್ಲಿಷ್ ಬಲ್ಲ ಪ್ರೇಕ್ಷಕರಲ್ಲಿ ಇದು ‘ಬಿಗ್ ಟೈಮ್ ಗ್ಯಾಂಬ್ಲಿಂಗ್ ಬಾಸ್’ ಎಂದು ಪರಿಚಿತ.

ಸರಣಿಯ ಒಂದು ಕಂತಾಗಿ ಬಂದು ಹೋದ ಈ ಚಿತ್ರವನ್ನು ಬಿಡುಗಡೆಯ ಹೊತ್ತಿನಲ್ಲಿ ವಿಮರ್ಶಕರು ಹೆಚ್ಚಾಗಿ ಗಮನಿಸಲಿಲ್ಲ. ಮರುವರ್ಷ ಕಾದಂಬರಿಕಾರ ಯುಕಿಯೊ ಮಿಶಿಮಾ ಬರೆದ ಲೇಖನದಿಂದ ಜಪಾನಿನಲ್ಲಿ ಅದರ ಸ್ಥಾನ ಬದಲಾಯಿತು. ಹೊರದೇಶಗಳಲ್ಲಿ ಮಾತ್ರ ಹಲವು ದಶಕಗಳವರೆಗೆ ಅದು ಪುಸ್ತಕಗಳಲ್ಲಿ ಓದಲು ಸಿಗುತ್ತಿತ್ತೇ ಹೊರತು ನೋಡಲು ಸಿಗುತ್ತಿರಲಿಲ್ಲ. ಚಲನಚಿತ್ರ ಸಂಗ್ರಾಹಕರಿಗೆ ಇದರ ಮೇಲಿರುವ ಆಸೆಯ ಬೇರು ಈ ಅಂತರದಲ್ಲಿದೆ.

ನಿಂಕ್ಯೋ ಚಿತ್ರಗಳ ಹಿನ್ನೆಲೆ

1958ರಲ್ಲಿ ಜಪಾನಿನ ಚಿತ್ರಮಂದಿರಗಳಲ್ಲಿ 112 ಕೋಟಿಗೂ ಹೆಚ್ಚು ಟಿಕೆಟುಗಳು ಮಾರಾಟವಾಗಿದ್ದವು. ಟೆಲಿವಿಷನ್ ಮನೆಮನೆಗೆ ಬಂದ ಮೇಲೆ, ಹತ್ತು ವರ್ಷಗಳಲ್ಲಿ ಈ ಸಂಖ್ಯೆ ಸುಮಾರು 31 ಕೋಟಿಗೆ ಕುಸಿಯಿತು. ಮನೆಮಂದಿಯೆಲ್ಲ ಟಿವಿಯ ಮುಂದೆ ಕುಳಿತಾಗ ಚಿತ್ರಮಂದಿರಕ್ಕೆ ಉಳಿದವರು ಹೆಚ್ಚಾಗಿ ಗಂಡಸರು: ಕಾರ್ಮಿಕರು, ನಗರಕ್ಕೆ ವಲಸೆ ಬಂದ ಯುವಕರು, ವಿದ್ಯಾರ್ಥಿಗಳು. 1951ರಲ್ಲಿ ಸ್ಥಾಪನೆಯಾದ ತೊಯೆಯಿ, ಅಲ್ಲಿಯವರೆಗೆ ತನ್ನ ಬಂಡವಾಳವಾಗಿದ್ದ ಸಮುರಾಯ್ ಚಿತ್ರಗಳನ್ನು ಕಡಿಮೆ ಮಾಡಿ ಈ ಪ್ರೇಕ್ಷಕರಿಗೆ ಬೇಕಾದ ಚಿತ್ರಗಳತ್ತ ತಿರುಗಿತು. ತದಾಶಿ ಸವಾಶಿಮಾ ನಿರ್ದೇಶಿಸಿದ ‘ಜಿನ್ಸೆಯಿ ಗೆಕಿಜೊ: ಹಿಶಾಕಾಕು’ 1963ರಲ್ಲಿ ಗೆದ್ದಾಗ ದಾರಿ ಸ್ಪಷ್ಟವಾಯಿತು. ‘ನಿಹೊನ್ ಕ್ಯೋಕಾಕು-ದೆನ್’ 1964ರಲ್ಲಿ, ‘ಶೋವಾ ಝಾಂಕ್ಯೋ-ದೆನ್’ 1965ರಲ್ಲಿ ಶುರುವಾಗಿ ವರ್ಷಗಟ್ಟಲೆ ಸರಣಿಗಳಾಗಿ ಓಡಿದವು.

ಈ ಬಗೆಯ ಚಿತ್ರಗಳಿಗೆ ನಿಂಕ್ಯೋ, ಅಂದರೆ ಧೀರಧರ್ಮದ, ಚಿತ್ರಗಳೆಂದು ಹೆಸರು. ಕಥೆ ಸಾಮಾನ್ಯವಾಗಿ 19ನೆಯ ಶತಮಾನದ ಕೊನೆಯಿಂದ ಎರಡನೆಯ ಮಹಾಯುದ್ಧದ ಮುಂಚಿನವರೆಗಿನ ಕಾಲದಲ್ಲಿ ನಡೆಯುತ್ತದೆ. ನಾಯಕ ಹಳೆಯ ಕಟ್ಟುಪಾಡಿನ ಜೂಜುಕೋರ. ಕಿಮೊನೊ ತೊಡುತ್ತಾನೆ, ಕೊಟ್ಟ ಮಾತಿಗೆ ತಪ್ಪುವುದಿಲ್ಲ. ಖಳರು ಹಣ ಮತ್ತು ಅಧಿಕಾರದ ಹಿಂದೆ ಬಿದ್ದವರು. ತಂಡದ ಋಣವಾದ ‘ಗಿರಿ’ ಒಂದು ಕಡೆಗೆ, ಸ್ವಂತ ಕರುಳಿನ ಮಮತೆಯಾದ ‘ನಿಂಜೊ’ ಇನ್ನೊಂದು ಕಡೆಗೆ ನಾಯಕನನ್ನು ಎಳೆಯುತ್ತವೆ. ಅವಮಾನದ ಮೇಲೆ ಅವಮಾನ ಸಹಿಸಿ, ಇನ್ನು ಸಾಧ್ಯವಿಲ್ಲವೆಂಬ ಹಂತ ಬಂದಾಗ ಅವನು ಕತ್ತಿ ಹಿಡಿದು ಶತ್ರುಗಳ ಮನೆಗೆ ನುಗ್ಗುತ್ತಾನೆ. ಕೊನೆಯ ಆ ಕಾಳಗದಲ್ಲಿ ನ್ಯಾಯ ಗೆಲ್ಲುತ್ತದೆ, ಪ್ರೇಕ್ಷಕನ ಮನಸ್ಸು ಹಗುರವಾಗುತ್ತದೆ. ಒಂದೇ ಟಿಕೆಟಿಗೆ ಎರಡು ಚಿತ್ರ ತೋರಿಸುತ್ತಿದ್ದ, ಬೇಗಬೇಗ ಚಿತ್ರ ಬದಲಾಗುತ್ತಿದ್ದ ಆ ಪದ್ಧತಿಯಲ್ಲಿ ಇಂಥ ಚಿತ್ರಗಳು ಕಾರ್ಖಾನೆಯ ಮಾಲಿನಂತೆ ತಯಾರಾಗುತ್ತಿದ್ದವು. 1960ರ ದಶಕದ ಕೊನೆಯ ವಿದ್ಯಾರ್ಥಿ ಚಳವಳಿಯ ದಿನಗಳಲ್ಲಿ ಇವುಗಳ ರಾತ್ರಿಯಿಡೀ ನಡೆಯುವ ಪ್ರದರ್ಶನಗಳಿಗೆ ಯುವಕರು ಮುಗಿಬೀಳುತ್ತಿದ್ದರು.

ಸರಣಿ ಮತ್ತು ತಯಾರಕರು

ಶಿಗೆಹಿರೊ ಒಜಾವಾ ನಿರ್ದೇಶನದಲ್ಲಿ 1967ರಲ್ಲಿ ಆರಂಭವಾದ ‘ಬಕುಚಿ-ಉಚಿ’ ಸರಣಿಯಲ್ಲಿ ಒಟ್ಟು ಹತ್ತು ಚಿತ್ರಗಳಿವೆ. ‘ಸೋಚೋ ತೊಬಾಕು’ ಅದರ ನಾಲ್ಕನೆಯ ಕಂತು. ಕಂತುಗಳ ನಡುವೆ ಕಥೆಯ ಸಂಬಂಧವಿಲ್ಲ. ತ್ಸುರುತಾ ನಾಯಕನಾಗಿರುವುದು ಮತ್ತು ಜೂಜುಕೋರರ ಲೋಕವೇ ಹಿನ್ನೆಲೆಯಾಗಿರುವುದು ಇವನ್ನು ಒಂದು ಸರಣಿಯಾಗಿಸಿವೆ. ಆದ್ದರಿಂದ ಉಳಿದವನ್ನು ನೋಡದವರಿಗೂ ಈ ಚಿತ್ರ ಪೂರ್ತಿಯಾಗಿ ಅರ್ಥವಾಗುತ್ತದೆ.

ಯಮಾಶಿತಾ (1930–1998) ತೊಯೆಯಿಯ ಕ್ಯೋಟೊ ಸ್ಟುಡಿಯೋದಲ್ಲಿ ಪಳಗಿದ ನಿರ್ದೇಶಕ. ಅಲೆಮಾರಿ ಜೂಜುಕೋರನ ಕಥೆ ಹೇಳುವ ‘ಸೆಕಿ ನೊ ಯತಾಪ್ಪೆ’ (1963) ಅವರಿಗೆ ಹೆಸರು ತಂದಿತ್ತು. ಹೂವುಗಳನ್ನು ದೃಶ್ಯದ ಅಂಗವಾಗಿ ಬಳಸುವುದು ಅವರ ಗುರುತು. ಜುಂಕೊ ಫುಜಿ ನಾಯಕಿಯಾದ ‘ಹಿಬೊತಾನ್ ಬಕುತೊ’ ಸರಣಿಯ ಮೊದಲ ಚಿತ್ರವನ್ನು ಅವರು ನಿರ್ದೇಶಿಸಿದ್ದೂ 1968ರಲ್ಲೇ. ಕಸಾಹಾರಾ (1927–2002) ಸೂತ್ರಬದ್ಧ ಚಿತ್ರಗಳಿಗೆ ಬರೆಯುತ್ತಲೇ ಆ ಸೂತ್ರಗಳ ಬಿರುಕುಗಳನ್ನು ಕಂಡುಕೊಂಡ ಬರಹಗಾರ. ತೊಯೆಯಿಯ ನಿಂಕ್ಯೋ ಚಿತ್ರಗಳ ಬೆನ್ನೆಲುಬಾಗಿದ್ದ ನಿರ್ಮಾಪಕ ಕೋಜಿ ಶುಂದೊ ನಟಿ ಜುಂಕೊ ಫುಜಿಯ ತಂದೆ. ಸಂಗೀತ ತೊಶಿಯಾಕಿ ತ್ಸುಶಿಮಾ ಅವರದು.

ನಾಯಕ ತ್ಸುರುತಾ (1924–1987) ಯುದ್ಧದ ಕಾಲದಲ್ಲಿ ನೌಕಾಪಡೆಯಲ್ಲಿದ್ದವರು, 1950ರ ದಶಕದಲ್ಲಿ ಪ್ರೇಮಕಥೆಗಳ ಸುಂದರ ನಾಯಕರಾಗಿದ್ದವರು. ನಡುವಯಸ್ಸಿನಲ್ಲಿ ತೊಯೆಯಿಗೆ ಬಂದ ಮೇಲೆ ಸಹನೆಯೇ ಅವರ ಅಭಿನಯದ ಮುಖ್ಯ ಗುಣವಾಯಿತು. ವಕಾಯಾಮಾ (1929–1992) ನಟ ಶಿಂತಾರೊ ಕತ್ಸು ಅವರ ಅಣ್ಣ. 1972ರಿಂದ ಬಂದ ‘ಲೋನ್ ವುಲ್ಫ್ ಅಂಡ್ ಕಬ್’ ಚಿತ್ರಗಳಿಂದ ಹೊರದೇಶಗಳಲ್ಲೂ ಪ್ರಸಿದ್ಧರಾದರು.

ಕಥೆ

ಕಥೆ ನಡೆಯುವುದು 1934ರ ಟೋಕಿಯೊದಲ್ಲಿ. ಮಂಚೂರಿಯಾ ಜಪಾನಿನ ಹಿಡಿತಕ್ಕೆ ಬಂದು, ಉಗ್ರ ರಾಷ್ಟ್ರವಾದ ಬಲಿಯುತ್ತಿದ್ದ ಕಾಲ. ನಗರದ ಪೂರ್ವಭಾಗದ ಕೋತೊ ಪ್ರದೇಶದಲ್ಲಿ ಪ್ರಬಲವಾಗಿದ್ದ ತೆನ್‌ರ್ಯೂ ತಂಡದ ಸರದಾರ ಅರಾಕಾವಾನ ಮುಂದೆ ಒಂದು ಪ್ರಸ್ತಾಪ ಬರುತ್ತದೆ. ದೇಶದ ಜೂಜುಕೋರ ತಂಡಗಳೆಲ್ಲ ಒಂದಾಗಿ ರಾಷ್ಟ್ರಕಾರ್ಯಕ್ಕೆ ನಿಲ್ಲಬೇಕು ಎಂಬುದು ಅದರ ಹೊರಗಿನ ಮಾತು. ಚೀನಾದ ನೆಲದಲ್ಲಿ ಮಾದಕವಸ್ತುವಿನ ವ್ಯಾಪಾರ ನಡೆಸುವುದು ಒಳಗಿನ ಉದ್ದೇಶ. ತಾವು ಜೂಜುಕೋರರಷ್ಟೇ ಎಂದು ಅರಾಕಾವಾ ನಿರಾಕರಿಸುತ್ತಾನೆ. ಅಷ್ಟರಲ್ಲಿ ಪಾರ್ಶ್ವವಾಯು ಬಡಿದು ಕುಸಿಯುತ್ತಾನೆ. ತಂಡಕ್ಕೆ ಉತ್ತರಾಧಿಕಾರಿ ಬೇಕಾಗುತ್ತದೆ.

ಹಿರಿಯರೆಲ್ಲ ನಕಾಯಿಯ (ತ್ಸುರುತಾ) ಹೆಸರು ಹೇಳುತ್ತಾರೆ. ಅವನು ಒಪ್ಪುವುದಿಲ್ಲ. ತಾನು ಬೇರೆ ತಂಡದಿಂದ ಬಂದು ಸೇರಿದವನು, ಜೈಲಿನಲ್ಲಿರುವ ಮತ್ಸುದಾನಿಗೆ (ವಕಾಯಾಮಾ) ಆ ಪೀಠ ಸಲ್ಲಬೇಕು ಎನ್ನುವುದು ಅವನ ವಾದ. ಮತ್ಸುದಾ ಅವನ ಪ್ರಮಾಣಬದ್ಧ ಸೋದರ, ಜತೆಗೆ ತಂಗಿ ಹಿರೊಯೆಯ (ಫುಜಿ) ಗಂಡ. ಸರದಾರನಿಗೆ ತಮ್ಮನ ಸ್ಥಾನದಲ್ಲಿರುವ ಸೆಂಬಾ (ಕನೇಕೊ) ಒಳಗೊಳಗೇ ಬಲೆ ಹೆಣೆದು, ಸರದಾರನ ಅಳಿಯ ಇಶಿದೊನನ್ನು (ಹಿರೊಶಿ ನವಾ) ಆಯ್ಕೆ ಮಾಡಿಸುತ್ತಾನೆ. ಮೆತ್ತನೆಯ ಇಶಿದೊ ಹೇಳಿದಂತೆ ಕೇಳುತ್ತಾನೆ ಎಂಬುದು ಅವನ ಲೆಕ್ಕ.

ಜೈಲಿನಿಂದ ಹೊರಬಂದ ಮತ್ಸುದಾ ತನಗಿಂತ ಕಿರಿಯನಿಗೆ ಪೀಠ ಸಿಕ್ಕಿದ್ದನ್ನು ಕಂಡು ಸಿಡಿದೇಳುತ್ತಾನೆ. ಅವನ ಸಿಟ್ಟಿನಲ್ಲಿ ನ್ಯಾಯವಿದೆ, ಆದರೆ ತಂಡದ ತೀರ್ಮಾನವನ್ನು ಮುರಿಯುವ ಹಕ್ಕಿಲ್ಲ. ನಕಾಯಿ ಅವನನ್ನು ತಡೆಯಲು ಬೇಡುತ್ತಾನೆ, ಗದರುತ್ತಾನೆ, ಹೊಣೆ ಹೊರುತ್ತಾನೆ. ಮತ್ಸುದಾನ ನಿಷ್ಠ ಹಿಂಬಾಲಕ ಒತೊಕಿಚಿಯನ್ನು ನಕಾಯಿಯ ಮನೆಯಲ್ಲಿ ಕಾವಲಿನಲ್ಲಿ ಇರಿಸಲಾಗುತ್ತದೆ. ಕರುಣೆಯಿಂದ ಅವನನ್ನು ಹೊರಗೆ ಬಿಟ್ಟ ನಕಾಯಿಯ ಹೆಂಡತಿ ತ್ಸುಯಾಕೊ (ಹಿರೊಕೊ ಸಕುರಾಮಾಚಿ), ತನ್ನ ಜವಾಬ್ದಾರಿ ತಪ್ಪಿತೆಂದು ಪ್ರಾಣ ಕಳೆದುಕೊಳ್ಳುತ್ತಾಳೆ. ಹೊಸ ಸರದಾರನ ಹೆಸರಿನಲ್ಲಿ, ದೇಶದ ನಾನಾ ತಂಡಗಳ ಮುಖ್ಯಸ್ಥರನ್ನು ಕರೆದು ನಡೆಸುವ ಜೂಜುಕೂಟದ ಹೊತ್ತಿಗೆ ಜಗಳ ರಕ್ತಪಾತಕ್ಕೆ ತಿರುಗುತ್ತದೆ. ಸೆಂಬಾನ ಹುನ್ನಾರ ಅರಿತು ಎದುರು ನಿಂತ ಇಶಿದೊ ಕೊಲೆಯಾಗುತ್ತಾನೆ.

ತಂಡದ ಕಟ್ಟಳೆಗೆ ತಲೆಬಾಗಿ ನಕಾಯಿ, ತಂಗಿಯ ಕಣ್ಣೆದುರಿನಲ್ಲೇ ಮತ್ಸುದಾನನ್ನು ಕೊಲ್ಲುತ್ತಾನೆ. ಕೊಲೆಗಾರ ಎಂದು ಅವಳು ಚೀರುತ್ತಾಳೆ. ಆಮೇಲೆ ಅವನು ಸೆಂಬಾನ ಬಳಿಗೆ ಹೋಗುತ್ತಾನೆ. ಹಿರಿಯನ ಮೇಲೆ ಕತ್ತಿ ಎತ್ತುವುದು ನಿಂಕ್ಯೋ ಧರ್ಮವೇ ಎಂದು ಸೆಂಬಾ ಕೇಳಿದಾಗ, ಅಂಥದ್ದೇನೂ ತನಗೆ ಗೊತ್ತಿಲ್ಲ, ತಾನು ಬರಿಯ ಕೊಲೆಗಡುಕ ಎಂಬರ್ಥದ ಉತ್ತರ ಕೊಟ್ಟು ಇರಿಯುತ್ತಾನೆ. ನಕಾಯಿಗೆ ಜೀವಾವಧಿ ಶಿಕ್ಷೆ ವಿಧಿಸಿದ ನ್ಯಾಯಾಲಯದ ತೀರ್ಪಿನೊಂದಿಗೆ ಚಿತ್ರ ಮುಗಿಯುತ್ತದೆ.

ರಚನೆ ಮತ್ತು ಶೈಲಿ

ನಿಂಕ್ಯೋ ಪ್ರಕಾರದ ಸಿದ್ಧ ಸಾಮಗ್ರಿಯೆಲ್ಲ ಇಲ್ಲಿದೆ: ಜೈಲಿನಿಂದ ಬಿಡುಗಡೆ, ಸಾಕೆ ಬಟ್ಟಲಿನ ವಿಧಿ, ಸ್ಮಶಾನ, ಕೊನೆಯ ಇರಿತ. ಅವುಗಳ ಫಲ ಮಾತ್ರ ಬೇರೆ. ಬೇರೆ ಚಿತ್ರಗಳಲ್ಲಿ ಕಟ್ಟಳೆಯನ್ನು ಮುರಿಯುವವನು ಖಳ, ಪಾಲಿಸುವವನು ನಾಯಕ. ಇಲ್ಲಿ ಪ್ರತಿಯೊಬ್ಬರೂ ಕಟ್ಟಳೆಯನ್ನು ಪಾಲಿಸಿದ್ದರಿಂದಲೇ ಹಾಳಾಗುತ್ತಾರೆ. ನಕಾಯಿ ಪೀಠವನ್ನು ಬೇಡವೆಂದದ್ದು ಸಜ್ಜನಿಕೆಯಿಂದ, ಆದರೆ ಸೆಂಬಾನಿಗೆ ದಾರಿ ತೆರೆದದ್ದು ಅದೇ ಸಜ್ಜನಿಕೆ. ತ್ಸುಯಾಕೊ ತೋರಿದ ಕರುಣೆ ಅವಳ ಪ್ರಾಣವನ್ನೇ ತೆಗೆಯುತ್ತದೆ. ಯಾವ ಕಡೆ ಹೆಜ್ಜೆ ಇಟ್ಟರೂ ತಪ್ಪಾಗುವ ಧರ್ಮಸಂಕಟವನ್ನು ಕಸಾಹಾರಾ ಒಂದು ದೃಶ್ಯದಿಂದ ಇನ್ನೊಂದಕ್ಕೆ ಬಿಗಿಯುತ್ತ ಹೋಗುತ್ತಾರೆ. ಆಕಸ್ಮಿಕಕ್ಕೆ ಅಲ್ಲಿ ಜಾಗ ಕಡಿಮೆ.

ಮಳೆಯಲ್ಲಿ ನಡೆಯುವ ಸ್ಮಶಾನದ ದೃಶ್ಯ ಚಿತ್ರದ ನಡುಗಂಬ. ಯಾಕುಜಾ ಲೋಕದಲ್ಲಿ ಸಕಾಜುಕಿ ಎಂಬ ಚಿಕ್ಕ ಬಟ್ಟಲಿನಿಂದ ಅಕ್ಕಿಯ ಮದ್ಯವಾದ ಸಾಕೆಯನ್ನು ಹಂಚಿಕೊಂಡು ಕುಡಿದವರು ಸೋದರರಾಗುತ್ತಾರೆ. ಆ ಬಂಧ ರಕ್ತಸಂಬಂಧಕ್ಕಿಂತ ದೊಡ್ಡದೆಂಬುದು ಅವರ ನಂಬಿಕೆ. ಸಮಾಧಿಗಲ್ಲುಗಳ ನಡುವೆ ಎದುರುಬದುರು ನಿಂತ ನಕಾಯಿ ಮತ್ತು ಮತ್ಸುದಾ ನಡುವಿನ ಈ ಬಟ್ಟಲಿನ ಸಂಬಂಧ ಇಲ್ಲಿ ಕಡಿದುಬೀಳುತ್ತದೆ. ಅಣ್ಣನಿಗೂ ಗಂಡನಿಗೂ ನಡುವೆ ಸಿಕ್ಕ ಹಿರೊಯೆಗೆ ಯಾರ ಪರವೂ ಮಾತಾಡಲು ಬಾಯಿಲ್ಲ. ಯಮಾಶಿತಾ ಇಲ್ಲಿ ಹೊಡೆದಾಟ ತೋರಿಸುವುದಿಲ್ಲ. ಅಗಲ ಪರದೆಯ ಚೌಕಟ್ಟಿನಲ್ಲಿ ಮೂವರು ಎಲ್ಲೆಲ್ಲಿ ನಿಂತಿದ್ದಾರೆ, ಅವರ ನಡುವೆ ಎಷ್ಟು ಜಾಗವಿದೆ ಎಂಬುದರಿಂದಲೇ ಸಂಬಂಧಗಳ ಸ್ಥಿತಿ ತಿಳಿಯುತ್ತದೆ.

ಚಿತ್ರದ ಬಹುಭಾಗ ಚಾಪೆ ಹಾಸಿದ ಕೋಣೆಗಳಲ್ಲಿ, ಸಾಲಾಗಿ ಮಂಡಿಯೂರಿ ಕುಳಿತವರ ಸಭೆಗಳಲ್ಲಿ ನಡೆಯುತ್ತದೆ. ಯಾರು ಎಲ್ಲಿ ಕೂರುತ್ತಾರೆ, ಯಾರು ಮೊದಲು ತಲೆಬಾಗುತ್ತಾರೆ ಎಂಬುದರಲ್ಲೇ ಅಧಿಕಾರದ ಲೆಕ್ಕಾಚಾರ ಅಡಗಿದೆ. ಹಿಂಸೆ ಬಂದಾಗ ಅದು ಚಿಕ್ಕದು, ಒರಟು. ಕೊನೆಯ ಇರಿತದಲ್ಲಿ ಗೆಲುವಿನ ಭಾವವಿಲ್ಲ. ಪ್ರೇಕ್ಷಕನಿಗೆ ಸಿಗಬೇಕಿದ್ದ ಹಗುರತನವನ್ನು ನ್ಯಾಯಾಲಯದ ಒಣ ಭಾಷೆ ಕಿತ್ತುಕೊಳ್ಳುತ್ತದೆ.

ಸ್ವಾಗತ ಮತ್ತು ಮರುಮೌಲ್ಯಮಾಪನ

‘ಕಿನೆಮಾ ಜುಂಪೊ’ ಪತ್ರಿಕೆ ಆಯ್ದ 1968ರ ಹತ್ತು ಉತ್ತಮ ಜಪಾನಿ ಚಿತ್ರಗಳ ಪಟ್ಟಿಯಲ್ಲಿ ‘ಸೋಚೋ ತೊಬಾಕು’ ಇಲ್ಲ. ಹಿರಿಯ ನಿರ್ದೇಶಕ ತೊಮು ಉಚಿದಾ ಮಾಡಿದ ಇನ್ನೊಂದು ತೊಯೆಯಿ ಯಾಕುಜಾ ಚಿತ್ರ ‘ಹಿಶಾಕಾಕು ತೊ ಕಿರಾತ್ಸುನೆ’ ಅದರಲ್ಲಿದೆ. ಸರಣಿಯ ಕಂತುಗಳನ್ನು ಗಂಭೀರವಾಗಿ ನೋಡುವ ರೂಢಿ ವಿಮರ್ಶಕರಲ್ಲಿ ಆಗ ಕಡಿಮೆಯಿತ್ತು. ವರ್ಷಕ್ಕೆ ಹತ್ತಾರು ಯಾಕುಜಾ ಚಿತ್ರಗಳು ಬರುತ್ತಿದ್ದಾಗ, ನಾಲ್ಕನೆಯ ಕಂತೊಂದು ಬೇರೆಯಾಗಿದೆ ಎಂದು ಕಾಣಲು ಅದನ್ನು ಹುಡುಕಿಕೊಂಡೇ ಹೋಗಬೇಕಿತ್ತು.

ಹಾಗೆ ಹೋದವರು ಯುಕಿಯೊ ಮಿಶಿಮಾ. ಟೋಕಿಯೊದ ಅಸಾಗಾಯಾದ ಸಾಧಾರಣ ಚಿತ್ರಮಂದಿರದಲ್ಲಿ ಚಿತ್ರ ನೋಡಿದ ಅವರು, 1969ರಲ್ಲಿ ‘ಎಯಿಗಾ ಗೆಯಿಜುತ್ಸು’ ಪತ್ರಿಕೆಯಲ್ಲಿ ಲೇಖನ ಬರೆದರು. ‘ಸೋಚೋ ತೊಬಾಕು’ ಮತ್ತು ಉಚಿದಾ ಅವರ ಚಿತ್ರ, ಎರಡರಲ್ಲೂ ತ್ಸುರುತಾ ಅಭಿನಯ ಹೇಗಿದೆ ಎಂಬುದು ಲೇಖನದ ವಿಷಯ. ‘ಸೋಚೋ ತೊಬಾಕು’ ಉತ್ಪ್ರೇಕ್ಷೆಯಿಲ್ಲದೆ ಶ್ರೇಷ್ಠ ಚಿತ್ರವೆಂದು ಹೇಳಿ, ಅದರ ಕಟ್ಟುನಿಟ್ಟಾದ ರಚನೆಯನ್ನು ಗ್ರೀಕ್ ದುರಂತ ನಾಟಕಗಳ ಸಾಲಿನಲ್ಲಿಟ್ಟರು. ಲೇಖನ ಬಂದ ಮರುವರ್ಷ, 1970ರ ನವೆಂಬರ್ 25ರಂದು ಮಿಶಿಮಾ ಆತ್ಮಹತ್ಯೆ ಮಾಡಿಕೊಂಡರು. ಕರ್ತವ್ಯ ಮತ್ತು ಸಾವಿನ ಬಗೆಗಿನ ಅವರ ಚಿಂತನೆಯನ್ನು ಅರಿಯಲು ಬಯಸುವವರು ಆ ಲೇಖನಕ್ಕೆ, ಅಲ್ಲಿಂದ ಈ ಚಿತ್ರಕ್ಕೆ ಮರಳುವುದು ರೂಢಿಯಾಯಿತು.

ಇಂಗ್ಲಿಷ್ ಓದುಗರಿಗೆ ಚಿತ್ರದ ಪರಿಚಯ ಮಾಡಿಸಿದವರಲ್ಲಿ ಅಮೆರಿಕದ ಚಿತ್ರಕಥೆಗಾರ ಪಾಲ್ ಶ್ರೇಡರ್ ಮುಖ್ಯರು. ಅವರು 1974ರಲ್ಲಿ ‘ಫಿಲ್ಮ್ ಕಾಮೆಂಟ್’ ಪತ್ರಿಕೆಗೆ ಯಾಕುಜಾ ಚಿತ್ರಗಳ ಕುರಿತ ದೀರ್ಘ ಪ್ರವೇಶಿಕೆಯೊಂದನ್ನು ಬರೆದು, ಪ್ರಕಾರದ ಸಿದ್ಧ ಸನ್ನಿವೇಶಗಳನ್ನು ಪಟ್ಟಿ ಮಾಡಿದರು. ಅದರಲ್ಲಿ ಈ ಚಿತ್ರಕ್ಕೆ ಬಹಳ ಎತ್ತರದ ಸ್ಥಾನ ಕೊಟ್ಟರು. ಅಣ್ಣ ಲೆನಾರ್ಡ್ ಜತೆ ಸೇರಿ ಅವರು ಬರೆದ ಕಥೆಯಿಂದ ಸಿಡ್ನಿ ಪೊಲಾಕ್ ನಿರ್ದೇಶನದ ಹಾಲಿವುಡ್ ಚಿತ್ರ ‘ದಿ ಯಾಕುಜಾ’ ಅದೇ ವರ್ಷ ಬಂದಿತು. ಮುಂದೆ 1985ರಲ್ಲಿ ಶ್ರೇಡರ್ ನಿರ್ದೇಶಿಸಿದ ‘ಮಿಶಿಮಾ’ ಚಿತ್ರ ಆ ಕಾದಂಬರಿಕಾರನ ಬದುಕನ್ನೇ ಕುರಿತದ್ದು.

ಚಿತ್ರೇತಿಹಾಸದಲ್ಲಿ ಸ್ಥಾನ

ನಿಂಕ್ಯೋ ಚಿತ್ರಗಳ ಜನಪ್ರಿಯತೆ 1970ರ ದಶಕದ ಆರಂಭದಲ್ಲಿ ಇಳಿಯಿತು. ಜುಂಕೊ ಫುಜಿ 1972ರಲ್ಲಿ ‘ಕಾಂತೊ ಹಿಝಾಕುರಾ ಇಕ್ಕಾ’ ಚಿತ್ರದೊಂದಿಗೆ ತೆರೆಯಿಂದ ನಿವೃತ್ತರಾದರು. ಮರುವರ್ಷ ಕಿಂಜಿ ಫುಕಸಾಕು ನಿರ್ದೇಶನದ ‘ಜಿಂಗಿ ನಾಕಿ ತತಾಕಾಯಿ’ ಬಂದು, ಯುದ್ಧೋತ್ತರ ಹಿರೊಶಿಮಾ ಪ್ರದೇಶದ ನೈಜ ಗ್ಯಾಂಗ್ ಕಾಳಗಗಳನ್ನು ಆಧರಿಸಿದ, ಆದರ್ಶದ ಸೋಗಿಲ್ಲದ ಹೊಸ ಬಗೆಯ ಯಾಕುಜಾ ಚಿತ್ರಗಳಿಗೆ ನಾಂದಿ ಹಾಡಿತು. ಅದರ ಚಿತ್ರಕಥೆ ಕಸಾಹಾರಾ ಅವರದು, ಸಂಗೀತ ತ್ಸುಶಿಮಾ ಅವರದು. ಅಲ್ಲಿ ಕುತಂತ್ರಿ ಸರದಾರ ಯಮಾಮೊರಿಯಾಗಿ ನಟಿಸಿದವರು ಇಲ್ಲಿ ಸೆಂಬಾ ಆಗಿದ್ದ ನೊಬುವೊ ಕನೇಕೊ. ಸೆಂಬಾ ಮತ್ತು ಯಮಾಮೊರಿ ಇಬ್ಬರಿಗೂ ಹಿರಿತನವೆಂದರೆ ಕಿರಿಯರನ್ನು ಬಲಿಕೊಡುವ ಅಧಿಕಾರ. ವ್ಯತ್ಯಾಸವೆಂದರೆ 1968ರಲ್ಲಿ ಅಂಥವನನ್ನು ಕೊಲ್ಲಲು ಒಬ್ಬ ನಕಾಯಿ ಉಳಿದಿದ್ದ, 1973ರ ಚಿತ್ರದಲ್ಲಿ ಯಮಾಮೊರಿ ಬದುಕಿ ಉಳಿಯುತ್ತಾನೆ. ನಿಂಕ್ಯೋ ಆದರ್ಶ ಕುಸಿದದ್ದು ಫುಕಸಾಕು ಅವರ ಕೈಯಲ್ಲಿ ಒಮ್ಮೆಲೇ ಅಲ್ಲ, ಪ್ರಕಾರದ ಒಳಗಿನಿಂದಲೇ ಅದು ಶುರುವಾಗಿತ್ತು ಎಂಬುದಕ್ಕೆ ‘ಸೋಚೋ ತೊಬಾಕು’ ಸಾಕ್ಷಿ.

ಹೊರದೇಶಗಳಲ್ಲಿ ತೊಯೆಯಿಯ ನಿಂಕ್ಯೋ ಚಿತ್ರಗಳಿಗಿಂತ ನಿಕ್ಕತ್ಸು ಸಂಸ್ಥೆಯ ಅಪರಾಧ ಚಿತ್ರಗಳು, ಮುಖ್ಯವಾಗಿ ಸೆಯಿಜುನ್ ಸುಜುಕಿ ಅವರವು, ಮೊದಲು ಪ್ರಚಾರ ಪಡೆದವು. ಅವುಗಳ ಬಂದೂಕು, ಕೋಟು, ಜಾಝ್ ಸಂಗೀತ ಪಾಶ್ಚಾತ್ಯ ಪ್ರೇಕ್ಷಕರಿಗೆ ಹತ್ತಿರದವು. ಬಟ್ಟಲಿನ ವಿಧಿ, ಸೋದರ ಶ್ರೇಣಿ, ಉತ್ತರಾಧಿಕಾರದ ಸೂಕ್ಷ್ಮಗಳ ಮೇಲೆ ನಿಂತ ನಿಂಕ್ಯೋ ಕಥೆಗಳಿಗೆ ಒಳ್ಳೆಯ ಉಪಶೀರ್ಷಿಕೆ ಮತ್ತು ಸ್ವಲ್ಪ ಹಿನ್ನೆಲೆ ಬೇಕಾಗುತ್ತದೆ. ಮಾರ್ಕ್ ಶಿಲ್ಲಿಂಗ್ ಅವರ ‘ದಿ ಯಾಕುಜಾ ಮೂವಿ ಬುಕ್’ (2003) ಮತ್ತು ಕ್ರಿಸ್ ಡಿ. ಅವರ ‘ಗನ್ ಅಂಡ್ ಸೋರ್ಡ್’ ಎಂಬ ಬೃಹತ್ ಕೋಶ ಈ ಹಿನ್ನೆಲೆಯನ್ನು ಒದಗಿಸಿದವು.

ಸಂಗ್ರಾಹಕರ ಆಸಕ್ತಿ

ಈ ಚಿತ್ರಕ್ಕೆ ಸಂಬಂಧಿಸಿದ ಸಂಗ್ರಹ ಮುಖ್ಯವಾಗಿ ಎರಡು ಬಗೆಯದು: 1968ರ ಪ್ರಚಾರ ಸಾಮಗ್ರಿ ಮತ್ತು ಡಿಸ್ಕ್.

ಪ್ರಚಾರ ಸಾಮಗ್ರಿಯಲ್ಲಿ ಪೋಸ್ಟರಿಗೆ ಮೊದಲ ಸ್ಥಾನ. ಜಪಾನಿ ಚಿತ್ರಗಳ ಪೋಸ್ಟರಿನ ಪ್ರಮಾಣಿತ ಅಳತೆ ಬಿ2, ಅಂದರೆ 51.5 x 72.8 ಸೆಂಟಿಮೀಟರ್. ಇದರ ಎರಡರಷ್ಟು ದೊಡ್ಡದಾದ ಬಿ1, ಎರಡು ಬಿ2 ಹಾಳೆಗಳನ್ನು ಮೇಲೆ ಕೆಳಗೆ ಜೋಡಿಸುವ ಉದ್ದನೆಯ ಪೋಸ್ಟರ್, ಪತ್ರಿಕೆಗಳಿಗೂ ಚಿತ್ರಮಂದಿರಗಳಿಗೂ ಕಳಿಸುತ್ತಿದ್ದ ಮಾಹಿತಿ ಹಾಳೆ, ಸ್ಥಿರಚಿತ್ರಗಳು ಕೂಡ ಸಂಗ್ರಹಕ್ಕೆ ಬರುತ್ತವೆ. ತೊಯೆಯಿಯ ನಿಂಕ್ಯೋ ಪೋಸ್ಟರುಗಳಲ್ಲಿ ನಟರ ಫೋಟೊಗಳನ್ನು ಕತ್ತರಿಸಿ ಜೋಡಿಸಿ, ಕುಂಚದಿಂದ ಬರೆದಂತಹ ದಪ್ಪ ಅಕ್ಷರಗಳಲ್ಲಿ ಹೆಸರನ್ನು ಲಂಬವಾಗಿ ಇಳಿಸುವುದು ವಾಡಿಕೆ. ಮೂಲೆಯಲ್ಲಿ ಸಂಸ್ಥೆಯ ತ್ರಿಕೋನ ಲಾಂಛನ ಇರುತ್ತದೆ. ಇವನ್ನು ಅಂದು ಮಾರಾಟಕ್ಕೆಂದು ಮುದ್ರಿಸಿರಲಿಲ್ಲ. ಬೇಗಬೇಗ ಚಿತ್ರ ಬದಲಾಗುತ್ತಿದ್ದ ಕಾಲದಲ್ಲಿ ಹಳೆಯ ಪೋಸ್ಟರನ್ನು ಕಿತ್ತು ಎಸೆಯುತ್ತಿದ್ದರು. ಆದ್ದರಿಂದ ಸರಣಿಯ ಕಂತುಗಳ ಪೋಸ್ಟರುಗಳು ದೊಡ್ಡ ಪ್ರಚಾರ ಕಂಡ ಚಿತ್ರಗಳವಕ್ಕಿಂತ ಕಡಿಮೆ ಉಳಿದಿವೆ. ಟೋಕಿಯೊದ ಜಿಂಬೋಚೋ ಬೀದಿಗಳಲ್ಲಿರುವ ಹಳೆಯ ಪುಸ್ತಕದಂಗಡಿಗಳು ಇಂಥ ಸಾಮಗ್ರಿಗೆ ಹೆಸರಾದವು.

ಪೋಸ್ಟರ್ ಕೊಳ್ಳುವವರು ಮೊದಲು ನೋಡುವುದು ಅದು ಮೂಲ ಬಿಡುಗಡೆಯದೋ, ಮರುಬಿಡುಗಡೆಯದೋ, ಈಚಿನ ನಕಲೋ ಎಂಬುದನ್ನು. ಮೂಲ ಪ್ರತಿ ಆಫ್‌ಸೆಟ್ ಮುದ್ರಣದ ತೆಳುಕಾಗದದ್ದು. ಭೂತಗಾಜಿನಲ್ಲಿ ಅದರ ಬಣ್ಣದ ಚುಕ್ಕಿಗಳು ಬಿಡಿಬಿಡಿಯಾಗಿ ಕಾಣುತ್ತವೆ. ಮುದ್ರಿತ ಪೋಸ್ಟರನ್ನು ಸ್ಕ್ಯಾನ್ ಮಾಡಿ ತೆಗೆದ ನಕಲಿನಲ್ಲಿ ಚಿಕ್ಕ ಅಕ್ಷರಗಳ ಅಂಚು ಮಸುಕಾಗಿರುತ್ತದೆ. ಮಡಿಕೆಯ ಗೆರೆ, ಪಿನ್ನಿನ ತೂತು, ಬಿಸಿಲಿಗೆ ಮಾಸಿದ ಕೆಂಪು ಬಣ್ಣ ಬೆಲೆಯನ್ನು ತಗ್ಗಿಸಿದರೂ, ಹಾಳೆ ನಿಜಕ್ಕೂ ಚಿತ್ರಮಂದಿರದ ಗೋಡೆ ಕಂಡಿತ್ತು ಎಂಬ ಕಾರಣಕ್ಕೆ ಕೆಲವರಿಗೆ ಅವೂ ಪ್ರಿಯ.

ಡಿಸ್ಕುಗಳ ಕಥೆ ಬೇರೆ. ತೊಯೆಯಿ ತನ್ನ ದೇಶದ ಮಾರುಕಟ್ಟೆಗೆ ತಂದ ಡಿವಿಡಿ ಜಪಾನಿ ಬಲ್ಲವರಿಗಷ್ಟೇ ಉಪಯೋಗಕ್ಕೆ ಬರುತ್ತಿತ್ತು. 2022ರಲ್ಲಿ ಆರಂಭವಾದ ಬ್ರಿಟನ್ನಿನ ರೇಡಿಯನ್ಸ್ ಫಿಲ್ಮ್ಸ್, ತನ್ನ ಮೊದಮೊದಲ ಬಿಡುಗಡೆಗಳಲ್ಲೇ ಇದನ್ನು ಇಂಗ್ಲಿಷ್ ಉಪಶೀರ್ಷಿಕೆಯೊಂದಿಗೆ ಬ್ಲೂ-ರೇಯಲ್ಲಿ ಹೊರತಂದಿತು. ಸೀಮಿತ ಸಂಖ್ಯೆಯ ಆ ಆವೃತ್ತಿಯಲ್ಲಿ ಲೇಖನಗಳ ಕಿರುಪುಸ್ತಕ, ಶುಂದೊ ಮತ್ತು ತೊಯೆಯಿ ಬಗ್ಗೆ ಶಿಲ್ಲಿಂಗ್ ಅವರ, ‘ಬಕುಚಿ-ಉಚಿ’ ಸರಣಿಯ ಬಗ್ಗೆ ಕ್ರಿಸ್ ಡಿ. ಅವರ ದೃಶ್ಯ ಪ್ರಬಂಧಗಳಿದ್ದವು. ಪೆಟ್ಟಿಗೆಗೆ ಸುತ್ತಿದ ‘ಓಬಿ’ ಎಂಬ ಕಾಗದದ ಪಟ್ಟಿ ಜಪಾನಿ ಪುಸ್ತಕ ಮತ್ತು ಗ್ರಾಮಫೋನ್ ತಟ್ಟೆಗಳ ಪದ್ಧತಿಯಿಂದ ಬಂದದ್ದು. ಸುಲಭವಾಗಿ ಹರಿದು ಕಳೆದುಹೋಗುವ ಈ ಪಟ್ಟಿ ಇದೆಯೋ ಇಲ್ಲವೋ ಎಂಬುದರ ಮೇಲೆ ಸೀಮಿತ ಆವೃತ್ತಿಯ ಬೆಲೆ ನಿಲ್ಲುತ್ತದೆ.

ಬ್ಲೂ-ರೇ ತಟ್ಟೆಗಳಿಗೆ ಪ್ರದೇಶ ಸಂಕೇತಗಳಿವೆ. ಜಪಾನ್ ಮತ್ತು ಅಮೆರಿಕ ‘ಎ’ ವಲಯಕ್ಕೆ, ಬ್ರಿಟನ್ ‘ಬಿ’ ವಲಯಕ್ಕೆ, ಭಾರತ ‘ಸಿ’ ವಲಯಕ್ಕೆ ಸೇರುತ್ತವೆ. ಬೇರೆ ವಲಯಕ್ಕೆಂದು ಬಂಧಿಸಿದ ತಟ್ಟೆ ಭಾರತದಲ್ಲಿ ಮಾರುವ ಸಾಮಾನ್ಯ ಪ್ಲೇಯರಿನಲ್ಲಿ ಓಡುವುದಿಲ್ಲ. ಎಲ್ಲ ವಲಯದ ತಟ್ಟೆಗಳನ್ನೂ ಓದಬಲ್ಲ ಪ್ಲೇಯರ್ ಬೇಕಾಗುತ್ತದೆ.

ಸಂಗ್ರಾಹಕರ ಕಣ್ಣಿನಲ್ಲಿ ಚಿತ್ರಕ್ಕೆ ಬೆಲೆ ತಂದದ್ದು ಅಪರೂಪವೊಂದೇ ಅಲ್ಲ. ಇಷ್ಟೇ ಅಪರೂಪವಾದ, ಯಾರೂ ಹುಡುಕದ ತೊಯೆಯಿ ಚಿತ್ರಗಳು ಎಷ್ಟೋ ಇವೆ. ಮಿಶಿಮಾ ಮತ್ತು ಶ್ರೇಡರ್ ಅವರ ಬರಹ ಓದಿದವರ ಕುತೂಹಲ, ದಶಕಗಳ ಕಾಲ ಚಿತ್ರ ಕೈಗೆ ಸಿಗದೆ ಉಳಿದದ್ದು, ಕೊನೆಗೆ ನೋಡಿದಾಗ ಆ ಹೊಗಳಿಕೆ ಹುಸಿಯಾಗದೆ ಇದ್ದದ್ದು, ಈ ಮೂರೂ ಸೇರಿ ಸರಣಿಯ ನಾಲ್ಕನೆಯ ಕಂತೊಂದನ್ನು ಬೇಡಿಕೆಯ ವಸ್ತುವಾಗಿ ಮಾಡಿವೆ.